ಬ್ಯಾಡ್ಜಿನ ಮೇಲೆ 'ಇತರೆ': ಡೆವಲಪರ್ ಸಮ್ಮೇಳನ ಯಾರಿಗಾಗಿ?



ಪೋಸ್ಟ್ ಸ್ವಲ್ಪ ಉದ್ದ ಐತಿ. ಚಹಾ ಕುಡಿತಾ ಓದ್ರಿ, ಆದ್ರೆ ಪೂರ್ತಿ ಓದ್ರಿ.

ಹೋದ ವರ್ಷ ಬೆಂಗಳೂರಿನಲ್ಲಿ ಪ್ರತಿ ವರ್ಷ ನಡೆಯುವ ಒಂದು ಸಾಫ್ಟ್‌ವೇರ್ ಡೆವಲಪರ್‌ಗಳ ಸಮ್ಮೇಳನಕ್ಕೆ ಹೋಗಿದ್ದೆ. ಯಾವುದು ಅಂತ ಹೆಸರು ಹೇಳೋದಿಲ್ಲ. ಅವರೊಬ್ಬರ ಮೇಲೆ ದೂರು ಹೊರಿಸಿ ಮುಗಿಸುವ ಮಾತಲ್ಲ ಇದು. ನಾನು ಡೆವಲಪರ್ ಅಲ್ಲ, ಬಿ.ಎ. ಓದಿದ ಕ್ಲರ್ಕ್. ತಿಕೋಟಾದಿಂದ ಹೊರಟಿದ್ದು ನನ್ನ ಅಣ್ಣನ ಮಗಳ ಸಲುವಾಗಿ. ಅಣ್ಣ ದ್ರಾಕ್ಷಿ ಪಡದಾಗ ಕೂಲಿ ಮಾಡ್ತಾನೆ. ಮಗಳು ವಿಜಯಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಬಿಸಿಎ ಮುಗಿಸಿದಳು. ಒಂದು ವರ್ಷದಿಂದ ಕೆಲಸ ಹುಡುಕ್ತಾ ಇದ್ದಾಳೆ. "ಕಾಕಾ, ಆನ್‌ಲೈನ್‌ದಾಗ ಅರ್ಜಿ ಹಾಕಿದ್ರ ಯಾರೂ ನೋಡಂಗಿಲ್ಲ. ಅಲ್ಲಿ ಹೋದ್ರ ನಾಕು ಮಂದಿ ಪರಿಚಯ ಆಗ್ತದ" ಅಂದಳು. ಅವಳಿಗೆ ವಿದ್ಯಾರ್ಥಿ ರಿಯಾಯಿತಿ ಇತ್ತು. ನನ್ನ ಟಿಕೆಟ್ಟಿಗೆ ಕೊಟ್ಟ ದುಡ್ಡು ಅಣ್ಣನ ನಾಲ್ಕು ದಿನದ ಕೂಲಿ. ಗೋಲಗುಂಬಜ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ಕೂತು ಹೋದ್ವಿ.

ಹೆಸರು ನೋಂದಾಯಿಸುವಾಗ 'ನೀವು ಯಾರು' ಅಂತ ಒಂದು ಕಾಲಂ ಇತ್ತು. ಡೆವಲಪರ್, ವಿದ್ಯಾರ್ಥಿ, ಪ್ರಾಯೋಜಕ, ಭಾಷಣಕಾರ, ಇತರೆ. ನಾನು 'ಇತರೆ' ಒತ್ತಿದೆ. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಫಾರಂ ತುಂಬಿಸಿಕೊಳ್ಳುವ ನನಗೆ 'ಇತರೆ' ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು. ಫಾರಂ ಬರೆಯುವವನಿಗೆ ನೆನಪಾಗದವರೆಲ್ಲ ಹೋಗಿ ನಿಲ್ಲುವ ಜಾಗ ಅದು.

ಇನ್ನೊಂದು ಕಾಲಂ ಇತ್ತು: ಲಾಸ್ಟ್ ನೇಮ್. ಪಕ್ಕದಲ್ಲಿ ಕೆಂಪು ಚುಕ್ಕೆ, ಅಂದ್ರೆ ಕಡ್ಡಾಯ. ಬಿಟ್ಟರೆ ಟಿಕೆಟ್ ಬರೋದಿಲ್ಲ. ಹುಡುಗಿ ಅಡ್ಡಹೆಸರು ಹಾಕಿದಳು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಅಡ್ಡಹೆಸರು: ಮಾದರ. ಸಮ್ಮೇಳನದ ದಿನ ಅದೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಿ ಅವಳ ಕೊರಳಿಗೆ ಬಂತು.

ಬೆಂಗಳೂರಿನ ಮಂದಿಗೆ ಅದರಲ್ಲಿ ಏನೂ ಕಾಣಲಿಲ್ಲ. ಮಧ್ಯಾಹ್ನ ಊಟಕ್ಕೆ ನಿಂತಾಗ ನಮ್ಮ ಕಡೆಯ ಹುಡುಗನೊಬ್ಬ ಸಿಕ್ಕ, ಒಂದು ಕಂಪನಿಯಲ್ಲಿ ಎಂಜಿನಿಯರ್. ನಮ್ಮ ಮಾತು ಕೇಳಿ ಖುಷಿಯಿಂದ ಬಂದು "ಯಾವ ಊರ್ರೀ?" ಅಂದ. ತಿಕೋಟಾ ಅಂದ್ವಿ. "ಹೌದೇನ್ರಿ! ನಮ್ಮ ಕಂಪನಿಯೊಳಗ ಜಾಗ ಖಾಲಿ ಅದಾವ, ನಿನ್ನ ರೆಜ್ಯೂಮೆ ಕಳಸು ತಂಗಿ" ಅಂತ ಫೋನ್ ತೆಗೆದ. ಆಮೇಲೆ ಬ್ಯಾಡ್ಜ್ ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ತಿಕೋಟಾದಾಗ ಯಾವ ಓಣಿ?"

ನಮ್ಮ ಕಡೆಯವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಫೋನ್ ನಂಬರ್ ಕೊಡದೆಯೇ "ಆಮ್ಯಾಲ ಸಿಗ್ತೀನಿ" ಅಂತ ಹೋದ. ಆಮೇಲೆ ಸಿಗಲಿಲ್ಲ.

ಒಬ್ಬ ಹುಡುಗನ ಸಣ್ಣತನ ಅಂತ ಇದನ್ನ ಬಿಡಬಹುದಿತ್ತು. ಆದ್ರೆ ರಾತ್ರಿ ನಿದ್ದೆ ಬರಲಿಲ್ಲ. ಅವನು ಕೇಳಿದ ಪ್ರಶ್ನೆಗೆ ಅರ್ಧ ಉತ್ತರವನ್ನ ಒಂದು ಸಾಫ್ಟ್‌ವೇರ್ ಮೊದಲೇ ಬರೆದು ಅವಳ ಎದೆಯ ಮೇಲೆ ನೇತುಹಾಕಿತ್ತಲ್ಲ? ಆ ಕೆಂಪು ಚುಕ್ಕೆ ಇಟ್ಟವರು ಯಾರು? ಅವರು ಕೂತು ಮಾತಾಡಿದ ಕೋಣೆಯಲ್ಲಿ ನಮ್ಮ ಓಣಿಯವರು ಒಬ್ಬರಾದ್ರೂ ಇದ್ದಿದ್ರೆ ಅದು ಉಳಿತಿತ್ತಾ? ಊರಿಗೆ ಬಂದಮೇಲೆ ಈ ಸಮ್ಮೇಳನಗಳ ಇತಿಹಾಸ ಓದಲಿಕ್ಕೆ ಶುರು ಮಾಡಿದೆ.

ಬೆಂಗಳೂರಿನಲ್ಲಿ ಎರಡು ನಮೂನೆಯ ಸಮ್ಮೇಳನ ಬೆಳೆದವು.

ಒಂದು ಸರ್ಕಾರದ್ದು. 1998ರಲ್ಲಿ 'ಬೆಂಗಳೂರು ಐಟಿ.ಕಾಮ್' ಅಂತ ಶುರುವಾಗಿದ್ದು, ಹೆಸರು ಬದಲಾಗ್ತಾ ಬಂದು, 2017ರಿಂದ 'ಬೆಂಗಳೂರು ಟೆಕ್ ಸಮ್ಮಿಟ್' ಆಗಿದೆ. 2025ರದ್ದು ನವೆಂಬರ್ 18ರಿಂದ 20ರವರೆಗೆ ತುಮಕೂರು ರಸ್ತೆಯ ದೊಡ್ಡ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯಿತು. ಅಲ್ಲಿ ಮುಖ್ಯಮಂತ್ರಿ, ಮಂತ್ರಿಗಳು, ಕಂಪನಿ ಮಾಲೀಕರು, ಹೊರದೇಶದ ನಿಯೋಗಗಳು ಬರ್ತಾರೆ. ಅದು ಬಂಡವಾಳದ ಸಂತೆ. ಸಂತೆಗೆ ಸಂತೆಯ ಕೆಲಸ ಇದ್ದೇ ಇರ್ತದೆ.

ಇನ್ನೊಂದು, ಕೋಡ್ ಬರೆಯುವವರೇ ಕೂಡಿ ಕಟ್ಟಿದ್ದು. 2001ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಲಿನಕ್ಸ್ ಬೆಂಗಳೂರು' ನಡೆಯಿತು. ಅದರ ಹಿಂದೆ ಇದ್ದವರು ಅತುಲ್ ಚಿಟ್ನಿಸ್ ಮತ್ತು ಅವರ ಜೊತೆಯ ಸ್ವಯಂಸೇವಕರು. ಇದೇ ಚಿಟ್ನಿಸ್ 1996ರಿಂದ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಕೊಡಿಸುವ ಕೆಲಸದಲ್ಲಿ ಮುಂದಿದ್ದವರು. ಇಂಟರ್‌ನೆಟ್ ಆಮೆಯಂತೆ ಹೋಗ್ತಿದ್ದ ಕಾಲದಲ್ಲಿ ಪತ್ರಿಕೆ ತಲುಪಿದ ಊರಿಗೆಲ್ಲ ಆ ಸಾಫ್ಟ್‌ವೇರ್ ತಲುಪಿತು. 2005ರಲ್ಲಿ ಸಮ್ಮೇಳನಕ್ಕೆ 'ಫಾಸ್ ಡಾಟ್ ಇನ್' ಅಂತ ಹೊಸ ಹೆಸರು ಬಂತು.

ಗೊತ್ತಿಲ್ಲದವರಿಗೆ ಒಂದು ಮಾತು. ಸಾಮಾನ್ಯವಾಗಿ ಕಂಪನಿಗಳು ತಮ್ಮ ಸಾಫ್ಟ್‌ವೇರ್ ಒಳಗೆ ಏನಿದೆ ಅಂತ ತೋರಿಸೋದಿಲ್ಲ. ಮುಕ್ತ ತಂತ್ರಾಂಶದಲ್ಲಿ ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಅಮೆರಿಕದಲ್ಲಿ ಈ ಚಳವಳಿ ಶುರು ಮಾಡಿದರು. ಲಿನಸ್ ಟೊರ್ವಾಲ್ಡ್ಸ್ ಅನ್ನುವ ಫಿನ್ಲೆಂಡ್‌ನ ವಿದ್ಯಾರ್ಥಿ 1991ರಲ್ಲಿ ಲಿನಕ್ಸ್ ಬರೆದ. ಇವತ್ತು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಅದೇ ಇದೆ.

ಈ ಫಾಸ್ ಡಾಟ್ ಇನ್ ಸಮ್ಮೇಳನದಲ್ಲೇ 'ಇದು ಯಾರಿಗಾಗಿ' ಅನ್ನುವ ಜಗಳ ಗಟ್ಟಿಯಾಗಿ ಎದ್ದಿತು. ಸಾವಿರಾರು ಮಂದಿ ಬರ್ತಾರೆ, ಭಾಷಣ ಕೇಳ್ತಾರೆ, ಟಿ-ಶರ್ಟ್ ತಗೊಂಡು ಹೋಗ್ತಾರೆ, ಒಂದು ಸಾಲು ಕೋಡ್ ವಾಪಸ್ ಕೊಡೋದಿಲ್ಲ ಅನ್ನೋದು ಸಂಘಟಕರ ಬೇಸರ. 2008ರ ಹೊತ್ತಿಗೆ ಅವರು ಸಮ್ಮೇಳನದ ದಿಕ್ಕನ್ನೇ ಬದಲಿಸಿದರು. ಕೇಳಿ ಹೋಗುವವರಿಗಿಂತ ಕೂತು ಕೆಲಸ ಮಾಡುವವರಿಗೆ ಜಾಗ ಅಂತ ಆಯಿತು. ಕೆಲವರಿಗೆ ಇದು ಸರಿ ಅನಿಸಿತು. ಹೊಸಬರಿಗೆ ಬಾಗಿಲು ಸಣ್ಣದಾಯಿತು ಅಂತ ಕೆಲವರಿಗೆ ಅನಿಸಿತು. 2012ರ ಸಮ್ಮೇಳನವೇ ಕೊನೆಯದಾಯಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು. ಅಷ್ಟರಲ್ಲಿ 2009ರಲ್ಲಿ ಬೆಂಗಳೂರಿನಲ್ಲೇ ಪೈಕಾನ್ ಇಂಡಿಯಾ ಶುರುವಾಗಿತ್ತು. ಆಮೇಲೆ ಇನ್ನೂ ಬೇರೆ ಬೇರೆ ಸಮ್ಮೇಳನಗಳು ಬಂದವು.

ನನಗೆ ಆ ಸಂಘಟಕರ ಮೇಲೆ ಗೌರವವೇ ಇದೆ. ಸಂಘಟನೆ ಮಾಡಿದವರಿಗೆ ಈ ನೋವು ಗೊತ್ತು. ನಮ್ಮ ಸಭೆಗೂ ಮಂದಿ ಬರ್ತಾರೆ, ಜೈಕಾರ ಹಾಕ್ತಾರೆ, ಊಟ ಮಾಡ್ತಾರೆ, ಮರುದಿನ ಪಂಚಾಯ್ತಿ ಮುಂದೆ ಧರಣಿಗೆ ಕರೆದ್ರೆ ಫೋನ್ ಎತ್ತೋದಿಲ್ಲ. ಆದ್ರೆ ಆ ಜಗಳದಲ್ಲಿ ಇದ್ದದ್ದು ಇಬ್ಬರೇ: ಕೋಡ್ ಬರೆಯುವವರು, ಮುಂದೆ ಬರೆಯಬೇಕು ಅಂತ ಕೇಳಲು ಬಂದವರು. ಮೂರನೆಯವರ ಲೆಕ್ಕ ಇರಲಿಲ್ಲ. ಯಾರ ಹೆಸರು, ಯಾರ ಹೊಲ, ಯಾರ ರೇಷನ್ನು ಆ ಕೋಡಿನೊಳಗೆ ಹೋಗಿ ಕೂತಿದೆಯೋ ಅವರು.

ಆ ಮೂರನೆಯವರು ಎಷ್ಟು ಮಂದಿ ಅಂತ ಒಂದೇ ಉದಾಹರಣೆ ಕೊಡ್ತೀನಿ. ಲಿನಕ್ಸ್ ಬೆಂಗಳೂರು ಶುರುವಾದ ಅದೇ ವರ್ಷಗಳಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ತಂತ್ರಾಂಶ ತಂದಿತು. 176 ತಾಲ್ಲೂಕು, ಸುಮಾರು 67 ಲಕ್ಷ ರೈತರು, ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಹೋದವು. ಇದರಿಂದ ಒಳ್ಳೆಯದೂ ಆಗಿದೆ, ಅದನ್ನ ಒಪ್ಪಬೇಕು. ಮೊದಲು ಪಹಣಿಗಾಗಿ ತಲಾಟಿಯ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲಬೇಕಾಗಿದ್ದ ನಮ್ಮ ಹಿರಿಯರು, 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಡೆಯುವಂತಾಯಿತು. ಆದ್ರೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ರೆ? ಮೊದಲು ತಪ್ಪು ಮಾಡಿದವನ ಮುಖ ಕಾಣ್ತಿತ್ತು, ಜಗಳ ಆಡಬಹುದಿತ್ತು. ಈಗ "ಸಿಸ್ಟಮ್ ತಗೋಳಂಗಿಲ್ಲ" ಅಂತಾರೆ. ನಾನೇ ಎಷ್ಟು ಮಂದಿಗೆ ಹಾಗೆ ಹೇಳಿ ಕಳಿಸಿದ್ದೀನಿ, ನಾಚಿಕೆ ಆಗ್ತದೆ. ಸಿಸ್ಟಮ್ ತಾನಾಗಿ ಏನೂ ಬೇಡ ಅನ್ನೋದಿಲ್ಲ. ಯಾರೋ ಒಬ್ಬ ಮನುಷ್ಯ, ಯಾವುದೋ ಕೋಣೆಯಲ್ಲಿ ಕೂತು, ಇದು ಕಡ್ಡಾಯ, ಇದು ಬೇಡ ಅಂತ ಬರೆದಿರ್ತಾನೆ.

ನಮ್ಮವರು ಆ ಕೋಣೆಗೆ ಹೋಗಲಿಕ್ಕೆ ಏನು ಅಡ್ಡಿ? ಬಾಗಿಲು ತೆರೆದೇ ಇದೆ, 'ಓಪನ್' ಅಂತಲೇ ಹೆಸರು, ಕಲಿತು ಬರಬಹುದಲ್ಲ ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಮಹಾಡ್ ನೆನಪಿಸ್ತೀನಿ.

ಆಗ ನಮ್ಮ ವಿಜಯಪುರವೂ ಮಹಾಡವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಬೋಳೆ ಅವರ ಠರಾವು ಪಾಸು ಮಾಡಿತು: ಸರ್ಕಾರಿ ದುಡ್ಡಿನ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಅಸ್ಪೃಶ್ಯರಿಗೂ ಮುಕ್ತ. 1924ರಲ್ಲಿ ಮಹಾಡ್ ಪುರಸಭೆ ಚವದಾರ ಕೆರೆಯನ್ನ ತೆರೆಯಿತು. ಕಾಗದದ ಮೇಲೆ ಕೆರೆ 'ಓಪನ್'. ಮೂರು ವರ್ಷ ನಮ್ಮವರು ಒಬ್ಬರೂ ಆ ನೀರು ಮುಟ್ಟಲು ಆಗಲಿಲ್ಲ.

1927ರ ಮಾರ್ಚ್ 19 ಮತ್ತು 20ರಂದು ಅಲ್ಲಿ ನಡೆದದ್ದು ಕೂಡ ಒಂದು ಸಮ್ಮೇಳನವೇ, ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು. ಬಂದವರಿಗೆ ಕುಡಿಯಲು ನೀರು 40 ರೂಪಾಯಿ ಕೊಟ್ಟು ಕೊಳ್ಳಬೇಕಾಯಿತು. ಪಕ್ಕದಲ್ಲಿ ತೆರೆದ ಕೆರೆ! ಎರಡನೇ ದಿನ ಬಾಬಾಸಾಹೇಬರು ಪರಿಷತ್ತಿನ ಮಂದಿಯನ್ನ ಕರಕೊಂಡು ಕೆರೆಯವರೆಗೆ ನಡೆದರು, ನೀರು ಕುಡಿದರು. ಆಮೇಲೆ ನಮ್ಮವರ ಮೇಲೆ ಹಲ್ಲೆ ಆಯಿತು, ಕೆರೆಗೆ ಶುದ್ಧಿ ಮಾಡಿದರು, ಕೋರ್ಟಿನ ದಾವೆ ಆಯಿತು. ಹೈಕೋರ್ಟ್ ನಮ್ಮ ಹಕ್ಕನ್ನ ಒಪ್ಪಿದ್ದು 1937ರಲ್ಲಿ.

ತೆರೆದಿದೆ ಅಂತ ಬೋರ್ಡ್ ಹಾಕೋದಕ್ಕೂ ನೀರು ಗಂಟಲಿಗೆ ಇಳಿಯೋದಕ್ಕೂ ನಡುವೆ ಇಷ್ಟು ದೂರ ಇರ್ತದೆ. ಮುಕ್ತ ತಂತ್ರಾಂಶದ ಕೆರೆಗೂ ನಮ್ಮ ಓಣಿಗೂ ನಡುವೆ ಏನೇನಿದೆ, ಎಣಿಸಿ ನೋಡ್ರಿ. ಐನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಟಿಕೆಟ್ಟಿನ ದುಡ್ಡು. ಎರಡು ದಿನದ ಕೂಲಿ ನಷ್ಟ. ಮನೆಯಲ್ಲಿ ಇಲ್ಲದ ಲ್ಯಾಪ್‌ಟಾಪು. ವೇದಿಕೆ ಮೇಲೆ ಬೆಳಗಿನಿಂದ ಸಂಜೆತನಕ ಒಂದೇ ಭಾಷೆ, ಇಂಗ್ಲಿಷು. ಇಷ್ಟೆಲ್ಲ ದಾಟಿ ಹೋದ್ರೆ ಕೊನೆಗೆ "ಯಾವ ಓಣಿ?"

ಒಳಗೆ ಹೋದವರದ್ದಾದರೂ ಏನು? 2020ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೊಂದು ಸಿಸ್ಕೊ ಕಂಪನಿ ಮೇಲೆ ಕೇಸು ಹಾಕಿತು. ದಲಿತ ಎಂಜಿನಿಯರ್ ಒಬ್ಬರಿಗೆ ಮೇಲ್ಜಾತಿಯ ಮೇಲಧಿಕಾರಿಗಳಿಂದ ತಾರತಮ್ಯ ಆಗಿದೆ ಅನ್ನೋದು ಆರೋಪ. ಕಂಪನಿ ಅದನ್ನ ಅಲ್ಲಗಳೆಯಿತು. 2023ರಲ್ಲಿ ಇಬ್ಬರು ಅಧಿಕಾರಿಗಳ ಮೇಲಿನ ಕೇಸನ್ನ ಇಲಾಖೆಯೇ ಹಿಂದಕ್ಕೆ ಪಡೆಯಿತು, ಕಂಪನಿ ಮೇಲಿನದ್ದನ್ನ ಮುಂದುವರಿಸಿತು. 2022ರ ಏಪ್ರಿಲ್‌ನಲ್ಲಿ ತೇನ್‌ಮೋಳಿ ಸೌಂದರರಾಜನ್ ಅವರು ಗೂಗಲ್‌ನಲ್ಲಿ ಜಾತಿ ಬಗ್ಗೆ ಮಾತಾಡಬೇಕಿತ್ತು. ಕೆಲವು ನೌಕರರ ವಿರೋಧ ಬಂದು ಆ ಮಾತು ರದ್ದಾಯಿತು. ಅದನ್ನ ಏರ್ಪಡಿಸಿದ್ದ ತನುಜಾ ಗುಪ್ತಾ ಕೆಲಸ ಬಿಟ್ಟರು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಜಾತಿ ಇಲ್ಲಿಂದ ವಿಮಾನ ಹತ್ತಿ ಹೋಗಿದೆ ಅಂತ ಅಮೆರಿಕದ ಊರುಗಳಿಗೆ ಗೊತ್ತಾಗಿದೆ. ನಮ್ಮ ಸಮ್ಮೇಳನಗಳಲ್ಲಿ ಆ ಶಬ್ದ ಎತ್ತಿದ್ರೆ "ಇದು ಟೆಕ್ನಿಕಲ್ ವೇದಿಕೆ" ಅಂತಾರೆ.

ಇನ್ನೊಂದು ಮಾತು, ಇದು ಹೊಟ್ಟೆಯ ಮಾತು. ಖಾಸಗಿ ಐಟಿ ಕಂಪನಿಗಳಲ್ಲಿ ನಮಗೆ ಮೀಸಲಾತಿ ಇಲ್ಲ, ಎಲ್ಲರಿಗೂ ಗೊತ್ತು. ಅಲ್ಲಿ ನಡೆಯೋದು ರೆಫರಲ್. ಒಳಗಿದ್ದವರು ತಮ್ಮ ಪರಿಚಯದವರ ಹೆಸರು ಮುಂದೆ ಮಾಡ್ತಾರೆ. ಅದೂ ಒಂದು ಮೀಸಲಾತಿಯೇ, ರೋಸ್ಟರ್ ಇಲ್ಲದ್ದು, ಆದೇಶ ಇಲ್ಲದ್ದು, ಯಾರೂ ಪ್ರಶ್ನೆ ಮಾಡದ್ದು. ಆ ಪರಿಚಯ ಬೆಳೆಯೋ ಜಾಗಗಳಲ್ಲಿ ಈ ಸಮ್ಮೇಳನಗಳ ಚಹಾದ ಮೇಜೂ ಒಂದು. ಅದಕ್ಕೇ 'ಸಮ್ಮೇಳನ ಯಾರಿಗಾಗಿ' ಅನ್ನೋದು ನನಗೆ ಬುದ್ಧಿಜೀವಿಗಳ ಚರ್ಚೆ ಅನಿಸೋದಿಲ್ಲ. ನನ್ನ ಅಣ್ಣನ ಮಗಳು ಆ ಮೇಜಿನ ಹತ್ತಿರ ಒಂದು ನೌಕರಿ ಕಳಕೊಂಡಳು. ಕಳಕೊಂಡಳು ಅಂತ ಎಲ್ಲೂ ದಾಖಲೆ ಇಲ್ಲ, ಅಷ್ಟೇ.

ಹಾಗಾದ್ರೆ ಹೋಗೋದೇ ಬ್ಯಾಡ ಅನ್ನಬೇಕಾ? ನಾನು ಅನ್ನೋದಿಲ್ಲ. ಇದೇ ಬೆಂಗಳೂರಿನಲ್ಲಿ ಬೇರೆ ನಮೂನೆಯೂ ನಡೆದಿದೆ. ಬನ್ನೇರುಘಟ್ಟ ರಸ್ತೆಯ ಕಡೆ ಸುದರ್ಶನ್ ಲೇಔಟ್ ಅಂತ ಒಂದು ಕೊಳೆಗೇರಿ. 2000ದ ದಶಕದ ಕೊನೆಯಲ್ಲಿ ಮುಕ್ತ ತಂತ್ರಾಂಶದ ಕಾರ್ಯಕರ್ತರು ಅಲ್ಲಿ ಹಳೇ ಕಂಪ್ಯೂಟರುಗಳನ್ನ ಇಟ್ಟು, ಓಣಿಯ ಮಕ್ಕಳಿಗೆ ಕಲಿಸಲು ಶುರು ಮಾಡಿದರು. ಹೆಸರು ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ. ಗಿಂಪ್ ಅನ್ನುವ ಮುಕ್ತ ತಂತ್ರಾಂಶದಲ್ಲಿ ಆ ಮಕ್ಕಳು ಚಿತ್ರ ಬಿಡಿಸಿದರು. ಅಲ್ಲಿ ಡೆವಲಪರ್‌ಗಳೇ ಓಣಿಗೆ ನಡೆದು ಹೋದರು. ಸಮ್ಮೇಳನದಲ್ಲಿ ಯಾರೂ ಲೆಕ್ಕಕ್ಕೆ ತಗೊಳ್ಳದ ಮೂರನೆಯವರು ಅಲ್ಲಿ ಕೀಬೋರ್ಡ್ ಮುಂದೆ ಕೂತಿದ್ದರು.

ಹುಡುಗಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಎರಡನೇ ದಿನ ಒಂದು ಗೋಷ್ಠಿ ಮುಗಿದ ಮೇಲೆ ಪ್ರಶ್ನೆ ಕೇಳ್ರಿ ಅಂದರು. ಇವಳು ಎದ್ದು ನಿಂತಳು. ಕೈ ನಡುಗ್ತಿತ್ತು, ಪಕ್ಕದಲ್ಲಿ ಕೂತ ನನಗೆ ಕಾಣ್ತಿತ್ತು. ತನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದಳು: "ನಿಮ್ಮ ಫಾರಂನಲ್ಲಿ ಲಾಸ್ಟ್ ನೇಮ್ ಕಡ್ಡಾಯ ಯಾಕೆ? ಕೆಲವರ ಲಾಸ್ಟ್ ನೇಮ್ ಅವರ ಜಾತಿ. ಅದನ್ನ ಕೊರಳಿಗೆ ಹಾಕಿಕೊಂಡು ತಿರುಗಬೇಕಾ?" ಹಾಲ್ ಸುಮ್ಮನಾಯಿತು. ವೇದಿಕೆಯ ಮೇಲಿದ್ದವರು ಸ್ವಲ್ಪ ಹೊತ್ತು ಯೋಚಿಸಿ, ಪ್ರಾಮಾಣಿಕವಾಗಿಯೇ ಹೇಳಿದರು: "ನಾವು ಯೋಚನೆ ಮಾಡಿರಲಿಲ್ಲ. ಅದು ಡೀಫಾಲ್ಟ್ ಆಗಿ ಬಂದಿತ್ತು."

ಡೀಫಾಲ್ಟ್. ಯಾರೂ ಬೇಕು ಅಂತ ಮಾಡಿದ್ದಲ್ಲ, ಮೊದಲಿನಿಂದ ಹಾಗೇ ಬಂದದ್ದು, ಯಾರೂ ಬದಲಿಸದೆ ಬಿಟ್ಟದ್ದು. ಜಾತಿಗೆ ಇದಕ್ಕಿಂತ ಸರಿಯಾದ ವ್ಯಾಖ್ಯಾನ ನಾನು ಯಾವ ಭಾಷಣದಲ್ಲೂ ಕೇಳಿರಲಿಲ್ಲ.

ಆ ಟಿಕೆಟ್ ತಂತ್ರಾಂಶ ಮುಕ್ತ ತಂತ್ರಾಂಶವೇ ಆಗಿತ್ತು. ವಾಪಸ್ ಬರುವ ರೈಲಿನಲ್ಲಿ ಹುಡುಗಿ ಫೋನಿನಲ್ಲೇ ಅದರ ಕೋಡ್ ಹುಡುಕಿದಳು. ಆ ಕಾಲಂ ಕಡ್ಡಾಯ ಮಾಡಿದ ಸಾಲು ಸಿಕ್ಕಿತು. "ಕಾಕಾ, ನೋಡಿಲ್ಲಿ, ಒಂದ ಶಬ್ದ" ಅಂತ ತೋರಿಸಿದಳು. ಒಂದೇ ಶಬ್ದ! ಮನೆಗೆ ಬಂದು ಗೆಳತಿಯ ಲ್ಯಾಪ್‌ಟಾಪ್ ತಂದು, ಅದನ್ನ ಬದಲಿಸಿ, ಯಾಕೆ ಬದಲಿಸಬೇಕು ಅಂತ ನಾಲ್ಕು ಸಾಲು ಬರೆದು ಕಳಿಸಿದಳು. ಎರಡು ವಾರದ ಮೇಲೆ ಅದನ್ನ ನೋಡಿಕೊಳ್ಳುವವರು ಎರಡು ಪ್ರಶ್ನೆ ಕೇಳಿ ಉತ್ತರ ಬರೆದರು. ಮಾತುಕತೆ ಇನ್ನೂ ನಡೀತಾ ಇದೆ. ಸೇರಿಸ್ತಾರೋ ಇಲ್ಲವೋ ಗೊತ್ತಿಲ್ಲ. ಆದ್ರೆ 2008ರ ಆ ಕಟ್ಟುನಿಟ್ಟಿನ ಲೆಕ್ಕದಲ್ಲಿ ಹಿಂದಿನ ದಿನದವರೆಗೆ ಬರೀ ಕೇಳಲು ಬಂದಿದ್ದವಳು ಈಗ ಕೆಲಸ ಕೊಟ್ಟವಳು. ಕೇಳಲು ಬಂದವರನ್ನ ಹೊರಗಿಟ್ಟಿದ್ರೆ ಈ ತಿದ್ದುಪಡಿ ಹುಟ್ಟುತ್ತಲೇ ಇರಲಿಲ್ಲ.

ನನ್ನ ಮಾತು ಇಷ್ಟೇ. ಡೆವಲಪರ್ ಸಮ್ಮೇಳನ ಡೆವಲಪರ್‌ಗಳದ್ದೇ ಇರಲಿ, ಆದ್ರೆ ಅದು ಸೇವೆ ಮಾಡಬೇಕಾದ್ದು ಅವರ ಕೋಡಿನ ಅಡಿಯಲ್ಲಿ ಬದುಕುವವರಿಗೆ. ಅದಕ್ಕೆ ದೊಡ್ಡ ಕ್ರಾಂತಿ ಬೇಕಿಲ್ಲ:

1. ದೂರದ ಜಿಲ್ಲೆಯಿಂದ ಬರುವ ಬಡ ಮಕ್ಕಳಿಗೆ ಟಿಕೆಟ್ ಜೊತೆ ರೈಲಿನ ಖರ್ಚು, ಎರಡು ರಾತ್ರಿ ಮಲಗಲು ಜಾಗ ಕೊಡ್ರಿ.

2. ಒಂದು ಹಾಲ್‌ನಲ್ಲಾದರೂ ಇಡೀ ದಿನ ಕನ್ನಡದಲ್ಲಿ ಗೋಷ್ಠಿ ನಡೆಸ್ರಿ. ಕನ್ನಡ ರಾಜ್ಯೋತ್ಸವದ ಹಾಡಿಗಲ್ಲ, ಕೋಡ್ ಕಲಿಸಲಿಕ್ಕೆ.

3. ಪಂಚಾಯ್ತಿಯ ಡೇಟಾ ಎಂಟ್ರಿ ಆಪರೇಟರ್, ಆಶಾ ಕಾರ್ಯಕರ್ತೆ, ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಹೊಂದದೆ ವಾಪಸ್ ಹೋದ ಅಜ್ಜಿ, ಇವರನ್ನ ವೇದಿಕೆಗೆ ಕರೀರಿ. ಅವರು ಮಾತಾಡಲಿ, ನೀವು ಬರಕೊಳ್ರಿ.

4. ಸರ್ಕಾರಕ್ಕೆ: 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕಂತೆ 24.1 ಶೇಕಡಾ ಹಣ ಇಡಬೇಕು ಅನ್ನುತ್ತದೆ. ಆ ಹಣ ಬೇರೆ ಕಡೆ ಹರಿಯಲು ಇದ್ದ 7(ಡಿ) ಕಲಂ 2023ರಲ್ಲಿ ಹೋಗಿದೆ. ನಿಮ್ಮ ಟೆಕ್ ಸಮ್ಮಿಟ್ಟಿನಲ್ಲಿ ಆ ಪಾಲು ಎಲ್ಲಿದೆ, ತೋರಿಸ್ರಿ. ಒಂದು ವರ್ಷ ವಿಜಯಪುರಕ್ಕೆ, ಒಂದು ವರ್ಷ ಕಲಬುರಗಿಗೆ ಬರ್ರಿ. ನಮ್ಮಲ್ಲೂ ಹಾಲ್ ಇವೆ, ಕುರ್ಚಿ ಇವೆ, ಮಕ್ಕಳಿದ್ದಾರೆ.

ನಮ್ಮವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಡಿಜೆಗೆ ಎಷ್ಟು ಖರ್ಚು ಮಾಡ್ತೀವಿ ಅಂತ ನಮಗೇ ಗೊತ್ತು. ಬೈಯಬ್ಯಾಡ್ರಿ, ನಾನೂ ಕುಣಿದವನೇ. ಆದ್ರೆ ಈ ಸಲ ಒಂದು ರಾತ್ರಿಯ ಡಿಜೆ ದುಡ್ಡು ಉಳಿಸಿ ಎರಡು ಹಳೇ ಲ್ಯಾಪ್‌ಟಾಪ್ ಕೊಳ್ಳೋಣ. ಭಾನುವಾರ ಬೆಳಿಗ್ಗೆ ಹುಡುಗಿ ಓಣಿಯ ಮಕ್ಕಳಿಗೆ ಕಲಿಸಲು ಶುರು ಮಾಡಿದ್ದಾಳೆ. ಒಂಬತ್ತು ಮಕ್ಕಳು, ಒಂದು ಲ್ಯಾಪ್‌ಟಾಪ್, ಅದೂ ಎರವಲು. ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಅಣ್ಣ-ತಮ್ಮ, ಅಕ್ಕ-ತಂಗಿಯರು ಇದನ್ನ ಓದ್ತಾ ಇದ್ದರೆ, ನಿಮ್ಮ ಅಡ್ಡಹೆಸರು ಮುಚ್ಚಿಟ್ಟುಕೊಂಡು ಬದುಕ್ತಾ ಇದ್ದರೂ ಪರವಾಗಿಲ್ಲ, ಕಷ್ಟ ನಮಗೆ ಅರ್ಥ ಆಗ್ತದೆ. ತಿಂಗಳಿಗೊಂದು ಭಾನುವಾರ ಫೋನಿನಲ್ಲಿ ವಿಡಿಯೋ ಹಚ್ಚಿ ಒಂದು ತಾಸು ಪಾಠ ಮಾಡ್ರಿ. ಹೆಸರು ಹೇಳದೆಯೂ ಮಾಡಬಹುದು.

ಮುಂದಿನ ಸಮ್ಮೇಳನಕ್ಕೆ ತಿಕೋಟಾದಿಂದ ಆರು ಮಂದಿ ಹೊರಡಬೇಕು ಅಂತ ಮಾತಾಡಿದ್ದೀವಿ. ರೈಲಿನ ಜನರಲ್ ಟಿಕೆಟ್ಟಿನ ದುಡ್ಡು ಕೂಡಿಸ್ತಾ ಇದ್ದೀವಿ. ನನ್ನ ಬ್ಯಾಡ್ಜಿನ ಮೇಲೆ ಆಗಲೂ 'ಇತರೆ' ಅಂತಲೇ ಇರಲಿ, ನನಗೆ ವಯಸ್ಸಾಯಿತು. ಮಕ್ಕಳ ಬ್ಯಾಡ್ಜಿನ ಮೇಲೆ ಏನಿರಬೇಕು ಅಂತ ಅವರೇ ಬರಕೊಳ್ಳಲಿ.

ಶಿಕ್ಷಣ, ಸಂಘಟನೆ, ಹೋರಾಟ.

ಜೈ ಭೀಮ್. ಜೈ ಸಂವಿಧಾನ.